ಓದುಗರ ಪ್ರಶ್ನೆ, ನಮ್ಮ ಉತ್ತರ: ದೊಡ್ಡಪೇಟೆ ಎಂಬ ಅವೆನ್ಯೂ ರಸ್ತೆ

ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ಕುರಿತು ಬಂದ ಪತ್ರಗಳು ಒಂದು ಸಂಚಿಕೆಗೆ ಸಾಕಾಗುವಷ್ಟು ಸೇರಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಒಂದು ಬೀದಿಗೇ ಬಿಟ್ಟುಕೊಟ್ಟಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಕೂಡಿಸಿದ್ದೇವೆ. ಬರೆದವರ ಹೆಸರಿನ ಬದಲು ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ (ತುಮಕೂರು): ನಮ್ಮ ಅಜ್ಜಿ ‘ದೊಡ್ಡಪೇಟೆಗೆ ಹೋಗಿ ಬಂದೆ’ ಎನ್ನುತ್ತಿದ್ದರು, ನಾವು ಅವೆನ್ಯೂ ರಸ್ತೆ ಎನ್ನುತ್ತೇವೆ. ಎರಡೂ ಒಂದೇ ಬೀದಿಯೇ? ಕೆಂಪೇಗೌಡರು ನಾಲ್ಕು ನೇಗಿಲು ಹೂಡಿಸಿ ಈ ಬೀದಿಯನ್ನು ಹಾಕಿಸಿದರೆಂಬುದು ನಿಜವೇ?

ಉತ್ತರ: ಎರಡೂ ಒಂದೇ ಬೀದಿ. ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ, ಉತ್ತರದಿಂದ ದಕ್ಷಿಣಕ್ಕೆ ಸುಮಾರು ಒಂದು ಕಿಲೋಮೀಟರ್ ಹರಿಯುವ ಈಗಿನ ಅವೆನ್ಯೂ ರಸ್ತೆಯೇ ಹಳೆಯ ದೊಡ್ಡಪೇಟೆ. ಅದನ್ನು ಅಡ್ಡಲಾಗಿ, ಪೂರ್ವ ಪಶ್ಚಿಮವಾಗಿ ಕತ್ತರಿಸುವುದು ಚಿಕ್ಕಪೇಟೆ. ಇಂಗ್ಲಿಷಿನಲ್ಲಿ ‘ಅವೆನ್ಯೂ’ ಎಂದರೆ ಇಕ್ಕೆಲದಲ್ಲೂ ಮರಗಳ ಸಾಲಿರುವ ದಾರಿ. ಇಂದು ಆ ರಸ್ತೆಯಲ್ಲಿ ನಿಂತು ಮರ ಹುಡುಕುವವರಿಗೆ ವಿದ್ಯುತ್ ಕಂಬಗಳೂ ಅವುಗಳಿಂದ ಜೋತುಬಿದ್ದ ತಂತಿಗಳೂ ಕಾಣುತ್ತವೆ. ಬ್ರಿಟಿಷರ ಕಾಲದ ಆ ಹೆಸರಿಗೆ ಆಧಾರವಾದದ್ದು ಹೋಯಿತು, ಹೆಸರು ಮಾತ್ರ ನಿಂತಿತು. ನನ್ನ ಕಿವಿಗೆ ನಿಮ್ಮ ಅಜ್ಜಿಯವರ ಮಾತೇ ಹೆಚ್ಚು ಸರಿಯಾಗಿ ಕೇಳುತ್ತದೆ.

ಇನ್ನು ನೇಗಿಲಿನ ಮಾತು. ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡರು 1537ರಲ್ಲಿ, ವಿಜಯನಗರದ ಅಚ್ಯುತರಾಯನ ಆಳ್ವಿಕೆಯ ಕಾಲದಲ್ಲಿ, ಬೆಂಗಳೂರು ಪೇಟೆಯನ್ನು ಕಟ್ಟಿಸಿದರೆಂಬುದು ಬಹುಕಾಲದಿಂದ ಬಂದಿರುವ ಮಾತು. ಶುಭ ಮುಹೂರ್ತದಲ್ಲಿ ನಾಲ್ಕು ಜೊತೆ ಬಿಳಿಯ ಎತ್ತುಗಳನ್ನು ನೇಗಿಲಿಗೆ ಹೂಡಿ, ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೂ ಬಿಟ್ಟು, ಅವು ಉತ್ತ ಗೆರೆಯನ್ನೇ ಬೀದಿಗಳಾಗಿ ಮಾಡಿದರೆಂಬುದು ಐತಿಹ್ಯ. ಐತಿಹ್ಯವನ್ನು ದಾಖಲೆಯೆಂದು ಓದಬಾರದು. ಹಾಗೆಂದು ತಳ್ಳಿಹಾಕಬೇಕಾದದ್ದೂ ಅಲ್ಲ, ಏಕೆಂದರೆ ಅದು ಹೇಳುವ ಆಕಾರವನ್ನು ಇವತ್ತೂ ನೆಲದ ಮೇಲೆ ಕಾಣಬಹುದು. ಎರಡು ನೇರ ಬೀದಿಗಳು ಒಂದನ್ನೊಂದು ಕತ್ತರಿಸುತ್ತವೆ, ಉಳಿದ ಗಲ್ಲಿಗಳೆಲ್ಲ ಆ ಎರಡರಿಂದ ಟಿಸಿಲೊಡೆಯುತ್ತವೆ. ತಾನಾಗಿ ಬೆಳೆದ ಊರಿನ ಬೀದಿ ಹೀಗೆ ನೇರವಾಗಿ ಇರುವುದಿಲ್ಲ, ಅದು ಬಾವಿಯನ್ನೋ ಕೆರೆಯ ಏರಿಯನ್ನೋ ಹಳ್ಳವನ್ನೋ ಅನುಸರಿಸಿ ಬಳಸುತ್ತದೆ. ದೊಡ್ಡಪೇಟೆ ಬಳಸದೆ ಹೋಗಿರುವುದನ್ನು ನೋಡಿದರೆ, ಎತ್ತು ಎಳೆಯಿತೋ ಹಗ್ಗ ಹಿಡಿದು ಅಳೆದರೋ, ಯಾರೋ ಒಬ್ಬರು ಮೊದಲೇ ಯೋಚಿಸಿ ಹಾಕಿದ ಗೆರೆ ಇದು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಪ್ರಶ್ನೆ (ಹಾಸನ): ಮಕ್ಕಳಿಗೆ ‘ನಾಲ್ಕುನೂರು ವರ್ಷ ಹಳೆಯ ಬೀದಿ’ ತೋರಿಸುತ್ತೇನೆಂದು ಕರೆದುಕೊಂಡು ಹೋದೆ. ಅಲ್ಲಿ ಕಂಡದ್ದು ಕಾಂಕ್ರೀಟು ಕಟ್ಟಡ, ಗಾಜಿನ ಮುಂಭಾಗ, ಫ್ಲೆಕ್ಸ್ ಫಲಕ. ಹಳೆಯದು ಎಲ್ಲಿದೆ? ಪೇಟೆಗೆ ಕೋಟೆ ಗೋಡೆ ಇತ್ತೆನ್ನುತ್ತಾರೆ, ಅದೆಲ್ಲಿ ಹೋಯಿತು?

ಉತ್ತರ: ನೀವು ಕಟ್ಟಡಗಳನ್ನು ನೋಡಿದಿರಿ. ಈ ಬೀದಿಯಲ್ಲಿ ಹಳೆಯದಾಗಿರುವುದು ಕಟ್ಟಡವಲ್ಲ, ದಾರಿ. ಮಣ್ಣು, ಮರ, ಹೆಂಚುಗಳಿಂದ ಕಟ್ಟಿದ ಅಂಗಡಿಮನೆ ಎರಡು ಮೂರು ತಲೆಮಾರು ಬಾಳಿದರೆ ಹೆಚ್ಚು. ಬಿದ್ದಾಗ, ಸುಟ್ಟಾಗ, ಅಣ್ಣತಮ್ಮಂದಿರು ಪಾಲಾದಾಗ ಅದನ್ನು ಕೆಡವಿ ಹೊಸದನ್ನು ಕಟ್ಟುತ್ತಾರೆ. ಆದರೆ ಕಟ್ಟುವವರು ಅಕ್ಕಪಕ್ಕದ ಗೋಡೆಯನ್ನೂ ಮುಂದಿನ ಬೀದಿಯನ್ನೂ ಜರುಗಿಸುವಂತಿಲ್ಲ. ಆದ್ದರಿಂದ ನಿವೇಶನದ ಅಗಲ, ಆಳ, ಗಲ್ಲಿಯ ತಿರುವು ಇವೆಲ್ಲ ಹಾಗೆಯೇ ಉಳಿದುಕೊಂಡು ಬರುತ್ತವೆ. ಗಾಜಿನ ಮುಂಭಾಗದ ಆ ಅಂಗಡಿಗಳೊಳಗೆ ಹೋಗಿದ್ದರೆ ಮಕ್ಕಳಿಗೆ ಒಂದು ವಿಚಿತ್ರ ಕಾಣುತ್ತಿತ್ತು. ಮುಂದೆ ಎರಡಾಳು ತೋಳು ಚಾಚಿದಷ್ಟೇ ಅಗಲವಿರುವ ಅಂಗಡಿ ಒಳಗೆ ಓಣಿಯ ಹಾಗೆ ಉದ್ದಕ್ಕೆ ಹೋಗುತ್ತದೆ. ಮುಂದೆ ಅಂಗಡಿ, ಅದರ ಹಿಂದೆ ಉಗ್ರಾಣ, ಅದರ ಹಿಂದೆ ಮನೆ, ಕೊನೆಗೆ ಹಿತ್ತಿಲು ಎಂಬ ಹಳೆಯ ವ್ಯವಸ್ಥೆಯ ಅಚ್ಚು ಅದು. ಬೀದಿಗೆ ಮುಖ ಮಾಡಿದ ಜಾಗ ದುಬಾರಿಯಾದ್ದರಿಂದ ಎಲ್ಲರಿಗೂ ಒಂದೊಂದು ತುಣುಕು ಸಿಗುವಂತೆ ಅಗಲವನ್ನು ಕಡಿದು ಆಳವನ್ನು ಬೆಳೆಸಿದರು. ಮನೆ ಎಂದೋ ಬಡಾವಣೆಗೆ ಹೋಗಿದೆ, ಹಿತ್ತಿಲ ಮೇಲೆ ಸೂರು ಬಂದಿದೆ. ಕೆಲವು ಕಡೆ ಅಂಗಡಿಯ ಒಳಗಿನ ಮೆಟ್ಟಿಲು ಹತ್ತಿದರೆ ಅಟ್ಟದ ಮರದ ತೊಲೆಗಳು ಇನ್ನೂ ಸಿಗುತ್ತವೆ. ಮುಂದಿನ ಸಲ ಭಾನುವಾರ ಹೋಗಿ. ಸಗಟು ಅಂಗಡಿಗಳು ಬಹುಪಾಲು ಮುಚ್ಚಿರುವುದರಿಂದ ತಲೆಯೆತ್ತಿ ಮೇಲಂತಸ್ತುಗಳನ್ನು ನೋಡಲು ಪುರುಸೊತ್ತು ಸಿಗುತ್ತದೆ.

ಇನ್ನು ಗೋಡೆ. ಪೇಟೆಯ ಸುತ್ತ ಮಣ್ಣಿನ ಗೋಡೆ, ಕಂದಕ, ಅದರಾಚೆ ಮುಳ್ಳಿನ ಪೊದೆಗಳ ಬೇಲಿ ಇದ್ದವು. ಉತ್ತರಕ್ಕೆ ಯಲಹಂಕ ಬಾಗಿಲು, ಪೂರ್ವಕ್ಕೆ ಹಲಸೂರು ಬಾಗಿಲು ಎಂದು ಆಯಾ ಊರಿನ ಕಡೆಗೆ ತೆರೆಯುವ ಹೆಬ್ಬಾಗಿಲುಗಳಿದ್ದವು. ಕಲ್ಲಿನ ಕೋಟೆ ಬೇರೆ. ಅದು ದೊಡ್ಡಪೇಟೆಯ ದಕ್ಷಿಣ ತುದಿಯಾಚೆ ಇತ್ತು. ಮೊದಲು ಮಣ್ಣಿನದಾಗಿದ್ದ ಆ ಕೋಟೆಯನ್ನು 1761ರ ಸುಮಾರಿಗೆ ಹೈದರ್ ಅಲಿ ಕಲ್ಲಿನಲ್ಲಿ ಮತ್ತೆ ಕಟ್ಟಿಸಿದ. ಅದರ ದೆಹಲಿ ಬಾಗಿಲಿನ ಭಾಗ ಇಂದಿಗೂ ಮಾರುಕಟ್ಟೆಯ ಹತ್ತಿರ ನಿಂತಿದೆ. ಹೀಗೆ ದೊಡ್ಡಪೇಟೆ ಎಂದರೆ ಉತ್ತರದ ಹೆಬ್ಬಾಗಿಲಿನಿಂದ ಅರಸನ ಕೋಟೆಯ ಕಡೆಗೆ ಹೋಗುವ ರಾಜಬೀದಿ. ಹೊರಗಿನಿಂದ ಬಂದ ಹೇರು ಎತ್ತುಗಳೂ ಒಳಗೆ ಕೂತ ಅಧಿಕಾರವೂ ಎದುರುಬದುರಾಗುತ್ತಿದ್ದದ್ದು ಇಲ್ಲಿ.

ಒಡೆತನ ಬದಲಾದ ಕಥೆ ದೀರ್ಘವಾದದ್ದು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ಸೈನ್ಯ ಬೆಂಗಳೂರನ್ನು ಗೆದ್ದು, ಊರು ಶಹಾಜಿ ಭೋಂಸಲೆಯ ಜಹಗೀರಿಗೆ ಸೇರಿತು. 1687ರಲ್ಲಿ ಮೊಘಲರ ಸೇನಾಪತಿ ಖಾಸಿಂಖಾನ್ ವಶಪಡಿಸಿಕೊಂಡ. ಅವನಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ಕೊಟ್ಟು ಪಡೆದರೆನ್ನುತ್ತಾರೆ. ವ್ಯಾಪಾರದ ಊರೊಂದು ತಾನೇ ವ್ಯಾಪಾರದ ಸರಕಾದ ಸಂದರ್ಭ ಅದು. 1791ರ ಮಾರ್ಚ್ 7ರಂದು, ಟಿಪ್ಪು ಸುಲ್ತಾನನ ಮೇಲಿನ ಯುದ್ಧದಲ್ಲಿ, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲನ್ನು ಒಡೆದು ಪೇಟೆಯೊಳಗೆ ನುಗ್ಗಿತು. ಆ ಬಾಗಿಲ ಬಳಿ ನಡೆದ ಕಾದಾಟದಲ್ಲಿ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತ. ಪೇಟೆ ಕೈವಶವಾದ ಮೇಲೂ ಕೋಟೆ ಎರಡು ವಾರ ತಡೆದು ನಿಂತು, ಮಾರ್ಚ್ 21ರ ರಾತ್ರಿ ಬಿದ್ದಿತು. ಈ ದಾಳಿಯಲ್ಲಿ ಪೇಟೆಯ ಜನ ಅನುಭವಿಸಿದ್ದನ್ನು ಸೇನೆಯ ವರದಿಗಳು ಬರೆದಿಟ್ಟದ್ದು ಕಡಿಮೆ, ಅವು ಸೇನಾಪತಿಗಳ ಕಣ್ಣಿನಿಂದ ಬರೆದವು. ಸೀಮೆಯ ಸಮೀಕ್ಷೆಗೆಂದು 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್‌ನ ಬರಹದಲ್ಲಿ ಮಾತ್ರ ನೇಕಾರರು, ವರ್ತಕರು, ಹತ್ತಿ, ರೇಷ್ಮೆ, ಅಡಿಕೆ, ಮೆಣಸುಗಳು ಮತ್ತೆ ಕಣ್ಣಿಗೆ ಬೀಳುತ್ತವೆ. ಯುದ್ಧ ಮುಗಿದು ಹತ್ತು ವರ್ಷವಾಗುವ ಮೊದಲೇ ಅಂಗಡಿಯವರು ಬೋಣಿ ಮಾಡುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಗೋಡೆಯ ಅಗತ್ಯ ತಪ್ಪಿತು. ಕೆಡವಿದರು, ಕಂದಕವನ್ನು ತುಂಬಿಸಿದರು. ಹೆಬ್ಬಾಗಿಲುಗಳೂ ಹೋದವು, ಆದರೆ ಹೆಸರುಗಳು ಹೋಗಲಿಲ್ಲ. ಹಲಸೂರು ಗೇಟ್ ಪೊಲೀಸ್ ಠಾಣೆ ಇವತ್ತಿಗೂ ಇಲ್ಲದ ಬಾಗಿಲೊಂದರ ಹೆಸರಿನಲ್ಲಿ ದೂರು ಬರೆದುಕೊಳ್ಳುತ್ತದೆ. ಅವೆನ್ಯೂ ರಸ್ತೆಯ ಉತ್ತರ ತುದಿಯಲ್ಲಿ ಯಲಹಂಕ ಬಾಗಿಲ ಆಂಜನೇಯಸ್ವಾಮಿ ಇದ್ದಾನೆ. ಊರ ಬಾಗಿಲಲ್ಲಿ ಆಂಜನೇಯನನ್ನು ನಿಲ್ಲಿಸುವುದು ನಮ್ಮ ಕಡೆ ರೂಢಿ. ಬಾಗಿಲು ಹೋದ ಮೇಲೂ ಕಾವಲುಗಾರ ತನ್ನ ಜಾಗ ಬಿಟ್ಟಿಲ್ಲ. ಮಕ್ಕಳಿಗೆ ಗೋಡೆಯನ್ನು ತೋರಿಸಬೇಕೆಂದಿದ್ದರೆ ಅಲ್ಲಿಂದಲೇ ಶುರು ಮಾಡಿ.

ಪ್ರಶ್ನೆ (ದಾವಣಗೆರೆ): ಸುತ್ತಲ ಗಲ್ಲಿಗಳಿಗೆ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂದೆಲ್ಲ ಹೆಸರಿದೆ. ದೊಡ್ಡಪೇಟೆಗೆ ಮಾತ್ರ ಯಾವ ಕಸುಬಿನ ಹೆಸರೂ ಏಕಿಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ, ಈ ಬೀದಿಯ ಸ್ವಭಾವವೆಲ್ಲ ಇದರಲ್ಲಿಯೇ ಇದೆ. ಪೇಟೆಯ ಗಲ್ಲಿಗಳಿಗೆ ಎರಡು ಬಗೆಯಲ್ಲಿ ಹೆಸರು ಬಂದಿದೆ. ಕೆಲವಕ್ಕೆ ಸರಕಿನಿಂದ ಬಂದಿದೆ: ಅಕ್ಕಿಪೇಟೆ, ರಾಗಿಪೇಟೆ, ಹತ್ತಿಯ ಅರಳೆಪೇಟೆ, ಬಳೆಯ ಬಳೇಪೇಟೆ. ಕೆಲವಕ್ಕೆ ಜನರಿಂದ ಬಂದಿದೆ: ಮಡಕೆ ಮಾಡುವವರ ಕುಂಬಾರಪೇಟೆ, ಎಣ್ಣೆ ತೆಗೆಯುವವರ ಗಾಣಿಗರಪೇಟೆ, ಉಪ್ಪಾರಪೇಟೆ, ತೋಟಗಾರಿಕೆಯ ತಿಗಳರಪೇಟೆ, ವರ್ತಕರಾದ ನಗರ್ತರ ನಗರ್ತಪೇಟೆ. ತರಗುಪೇಟೆಯ ಹೆಸರು ಇವೆರಡಕ್ಕಿಂತ ಸ್ವಾರಸ್ಯವಾದದ್ದು. ತರಗು ಎಂದರೆ ದಲಾಲಿ, ಅಂದರೆ ಆ ಬೀದಿಗೆ ಹೆಸರು ಬಂದದ್ದು ಧಾನ್ಯದಿಂದಲ್ಲ, ಧಾನ್ಯವನ್ನು ಕೊಡಿಸಿ ಮಾರಿಸುವ ಮಧ್ಯಸ್ಥಿಕೆಯ ಕೆಲಸದಿಂದ.

ಈ ಗಲ್ಲಿಗಳಲ್ಲಿ ಮಾಡಿದ್ದನ್ನು, ತರಿಸಿದ್ದನ್ನು ತೋರಿಸಿ ಮಾರಲು ಒಂದು ದೊಡ್ಡ ಬೀದಿ ಬೇಕಲ್ಲವೇ? ಅದು ದೊಡ್ಡಪೇಟೆ. ಅದು ಯಾವ ಒಂದು ಕಸುಬಿಗೂ ಸೇರಿದ್ದಲ್ಲ, ಆದ್ದರಿಂದ ಅದಕ್ಕೆ ಕಸುಬಿನ ಹೆಸರು ಅಂಟಲಿಲ್ಲ. ಹಿಂದಿನ ಗಲ್ಲಿಯವನು ಒಂದೇ ಸರಕನ್ನು ಮೂರು ತಲೆಮಾರು ಮಾರುತ್ತಾನೆ, ದೊಡ್ಡಬೀದಿಯವನು ಕಾಲ ನೋಡಿ ಸರಕು ಬದಲಿಸುತ್ತಾನೆ. ಇದೇ ಕಾರಣಕ್ಕೆ ಕಸುಬಿನ ಹೆಸರು ಹೊತ್ತ ಗಲ್ಲಿಗಳಿಗೆ ಆ ಹೆಸರು ಈಗ ದೊಗಲೆ ಅಂಗಿಯ ಹಾಗಾಗಿದೆ. ಅಕ್ಕಿಪೇಟೆಗೆ ಅಕ್ಕಿ ಕೊಳ್ಳಲೆಂದೇ ಹೋಗುವವರು ವಿರಳ. ಬಳೇಪೇಟೆಯಲ್ಲಿ ಬಳೆಗಿಂತ ಮೊದಲು ಕಣ್ಣಿಗೆ ಬೀಳುವುದು ವಾದ್ಯಗಳ ಅಂಗಡಿ ಮತ್ತು ಮದುವೆ ಕರೆಯೋಲೆಗಳ ಅಂಗಡಿ. ದೊಡ್ಡಪೇಟೆ ಮಾತ್ರ ದೊಡ್ಡ ಪೇಟೆಯಾಗಿಯೇ ಇದೆ. ಕಾಗದ, ಲೆಕ್ಕದ ಪುಸ್ತಕ, ಡೈರಿ, ಕ್ಯಾಲೆಂಡರು, ಬಟ್ಟೆ, ಬೆಳ್ಳಿ, ಚಿನ್ನ, ಪಾತ್ರೆ ಎಲ್ಲವನ್ನೂ ಅದು ಒಂದೇ ಸಾಲಿನಲ್ಲಿ ಇಟ್ಟುಕೊಂಡಿದೆ.

ಜನರ ವಿಷಯದಲ್ಲೂ ಹೀಗೆಯೇ. ಕನ್ನಡ, ತೆಲುಗು, ತಮಿಳು, ಮರಾಠಿ, ಉರ್ದು, ಆಮೇಲೆ ಗುಜರಾತಿ ಮತ್ತು ಮಾರವಾಡಿ ಎಲ್ಲವೂ ಇಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿವೆ. ಮನೆಯಲ್ಲಿ ಯಾವ ಭಾಷೆಯೇ ಇರಲಿ, ಗಿರಾಕಿಯೊಂದಿಗೆ ಕನ್ನಡ ಮಾತನಾಡುವ ರೂಢಿ ಹಳೆಯ ಅಂಗಡಿಗಳಲ್ಲಿ ಗಟ್ಟಿಯಾಗಿದೆ. ಆ ಕನ್ನಡಕ್ಕೆ ತನ್ನದೇ ಲೆಕ್ಕಾಚಾರದ ಲಯವಿದೆ. ಉದ್ರಿ, ಜಮಾ, ಬಾಕಿ, ಬಟವಾಡೆ, ಖಾತೆ ಇವು ಅಲ್ಲಿ ಪಾರಿಭಾಷಿಕ ಪದಗಳಲ್ಲ, ದಿನದ ಮಾತು.

ಪ್ರಶ್ನೆ (ಉಡುಪಿ): ಹಿರಿಯರು ‘ಪೇಟೆ’ ಮತ್ತು ‘ದಂಡು’ ಎಂದು ಎರಡು ಬೆಂಗಳೂರು ಇದ್ದ ಹಾಗೆ ಮಾತನಾಡುತ್ತಾರೆ. ಏನಿದರ ಅರ್ಥ?

ಉತ್ತರ: ನಿಜಕ್ಕೂ ಎರಡಿದ್ದವು. 1807ರಿಂದಾಚೆಗೆ ಬ್ರಿಟಿಷ್ ಸೈನ್ಯಕ್ಕೆಂದು ಪೂರ್ವಕ್ಕೆ ಬೆಳೆದ ಊರು ದಂಡು. ರೈಲ್ವೆಯ ದಂಡು ನಿಲ್ದಾಣದ ಹೆಸರಿನಲ್ಲಿ ಆ ಮಾತು ಇನ್ನೂ ಉಳಿದಿದೆ. 1881ರಲ್ಲಿ ಬ್ರಿಟಿಷರು ತಮ್ಮ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗ ಪೇಟೆ ಮೈಸೂರು ಸರ್ಕಾರದ ಕೈಗೆ ಬಂತು, ದಂಡು ಮಾತ್ರ ಬ್ರಿಟಿಷ್ ರೆಸಿಡೆಂಟನ ಆಡಳಿತದಲ್ಲೇ ಉಳಿದು 1947ರಲ್ಲಿ ಸಂಸ್ಥಾನಕ್ಕೆ ಸೇರಿತು. ಎರಡೂ ಕಡೆಯ ಪುರಸಭೆಗಳು ಒಂದಾಗಿ ನಗರಪಾಲಿಕೆಯಾದದ್ದು 1949ರಲ್ಲಿ. ಆದ್ದರಿಂದ ಹಳೆಯ ಕಾಗದಗಳಲ್ಲಿ ‘ಬೆಂಗಳೂರು ಸಿಟಿ’ ಎಂದಿದ್ದರೆ ಅದು ಪೇಟೆಯ ಕಡೆ ಎಂದು ತಿಳಿಯಬೇಕು.

ಪ್ರಶ್ನೆ (ಬಳ್ಳಾರಿ): ಅಂಗಡಿಗಳ ನಡುವೆ ಎತ್ತರದ ಕಂಬಗಳ ಇಗರ್ಜಿಯೊಂದಿದೆ. ಪೇಟೆಯ ನಟ್ಟನಡುವೆ ಅದು ಹೇಗೆ ಬಂತು?

ಉತ್ತರ: ಅದು ರೈಸ್ ಸ್ಮಾರಕ ಚರ್ಚು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ನೆನಪಿಗೆ ಆ ಹೆಸರು. ರೈಸ್ ಸುಮಾರು ಐವತ್ತು ವರ್ಷ ಬೆಂಗಳೂರಿನಲ್ಲಿದ್ದು, ಕನ್ನಡದಲ್ಲಿ ಬೋಧಿಸಿ, ಶಾಲೆಗಳನ್ನು ನಡೆಸಿ, 1887ರಲ್ಲಿ ಇಲ್ಲಿಯೇ ತೀರಿಕೊಂಡರು. ದಂಡಿನ ಚರ್ಚುಗಳು ಸೈನಿಕರಿಗೂ ಅಧಿಕಾರಿಗಳಿಗೂ ಕಟ್ಟಿದವು. ಇದು ಕನ್ನಡ ಸಭೆಗಾಗಿ ಪೇಟೆಯಲ್ಲಿ ನಿಂತದ್ದು, ಅದೇ ಇದರ ವಿಶೇಷ. ಈಗಿನ ಕಟ್ಟಡ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ್ದು. ಅವರ ಮಗನ ಹೆಸರು ನಿಮಗೆ ಗೊತ್ತಿರಲೇಬೇಕು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದವರು. ಕಲ್ಲುಗಳನ್ನು ಓದಿದ ಆ ಮನುಷ್ಯನ ತಂದೆಯ ಕಲ್ಲುಕಂಬಗಳ ಮುಂದೆ ಈಗ ಕೈಗಾಡಿಗಳು ನಿಲ್ಲುತ್ತವೆ, ಹೆಚ್ಚಿನವರು ತಲೆಯೆತ್ತಿ ನೋಡುವುದಿಲ್ಲ.

ಪ್ರಶ್ನೆ (ಬೆಂಗಳೂರು, ವಿಜಯನಗರ): ಕರಗ ಈ ರಸ್ತೆಯಲ್ಲಿ ಹೋಗುತ್ತದೆಯೇ?

ಉತ್ತರ: ಹೋಗುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು, ಕತ್ತಿ ಹಿಡಿದ ವೀರಕುಮಾರರ ನಡುವೆ, ಮಲ್ಲಿಗೆಯಿಂದ ಮುಚ್ಚಿದ ಕರಗ ಪೇಟೆಯ ಬೀದಿಗಳನ್ನೂ ಗುಡಿಗಳನ್ನೂ ಸುತ್ತಿ, ಅರಳೆಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ, ಬೆಳಕು ಹರಿಯುವ ಹೊತ್ತಿಗೆ ಹಿಂದಿರುಗುತ್ತದೆ. ಪೇಟೆಯ ಎಲ್ಲೆ ಎಷ್ಟೆಂದು ಯಾರಾದರೂ ಕೇಳಿದರೆ ನಕ್ಷೆ ತೋರಿಸುವ ಬದಲು ಕರಗ ಸುತ್ತುವ ದಾರಿಯನ್ನು ತೋರಿಸಬಹುದು.

ಪ್ರಶ್ನೆ (ಮೈಸೂರು): ಮೈಸೂರು ಬ್ಯಾಂಕೇ ಇಲ್ಲವಾದ ಮೇಲೂ ಅದನ್ನು ಮೈಸೂರು ಬ್ಯಾಂಕ್ ವೃತ್ತ ಎನ್ನುವುದೇಕೆ?

ಉತ್ತರ: ಬ್ಯಾಂಕು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸಂಸ್ಥಾನದ ಬೆಂಬಲದಿಂದ ಹುಟ್ಟಿತು. 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, 2017ರ ಏಪ್ರಿಲ್ 1ರಂದು ಅದರಲ್ಲಿ ವಿಲೀನವಾಯಿತು. ಬಸ್ಸಿನ ಕಂಡಕ್ಟರರು ವಿಲೀನವನ್ನು ಒಪ್ಪಿಲ್ಲ. ಬ್ಯಾಂಕು ಪೇಟೆಯ ಬಾಯಲ್ಲೇ ಬಂದು ಕೂತದ್ದು ಆಕಸ್ಮಿಕವಲ್ಲ: ಹಣ ಇದ್ದದ್ದು ದೊಡ್ಡಪೇಟೆಯ ತಿಜೋರಿಗಳಲ್ಲಿ, ಹುಂಡಿ ಮತ್ತು ಬಾಯಿಮಾತಿನ ಸಾಲದಲ್ಲಿ. ಅದನ್ನು ಬ್ಯಾಂಕಿನ ಕಡೆ ತಿರುಗಿಸಬೇಕೆಂದರೆ ಅಲ್ಲಿಯೇ ಬಾಗಿಲು ತೆರೆಯಬೇಕಿತ್ತು. ಅದೇ ವೃತ್ತದಲ್ಲಿ 1942ರ ಚಲೇಜಾವ್ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರ ಸ್ಮಾರಕವೂ ಇದೆ. ರಸ್ತೆ ದಾಟುವ ಆತುರದಲ್ಲಿ ಅದು ಕಾಣದೆ ಹೋಗುತ್ತದೆ.

ಪ್ರಶ್ನೆ (ಶಿವಮೊಗ್ಗ): ನಾನು ಓದುವಾಗ ಅವೆನ್ಯೂ ರಸ್ತೆ ಎಂದರೆ ಹಳೆಯ ಪುಸ್ತಕ. ಆ ಅಂಗಡಿಗಳು ಈಗಲೂ ಇವೆಯೇ? ಬಟ್ಟೆ ಬೆಳ್ಳಿಯ ಬೀದಿಯಲ್ಲಿ ಪುಸ್ತಕ ಹೇಗೆ ಬೇರೂರಿತು?

ಉತ್ತರ: ಇವೆ, ಹಿಂದಿನಷ್ಟು ದಟ್ಟವಾಗಿ ಅಲ್ಲ. ಬೇರೂರಿದ್ದಕ್ಕೆ ನನಗೆ ಕಾಣುವ ಕಾರಣ ಬೀದಿಯ ಎರಡು ತುದಿಗಳಲ್ಲಿದೆ. ಉತ್ತರದ ತುದಿಯಾಚೆ ಸೆಂಟ್ರಲ್ ಕಾಲೇಜು, 1917ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು. ದಕ್ಷಿಣದಲ್ಲಿ 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ, ಅದರ ಮಗ್ಗುಲಲ್ಲಿ 1955ರಿಂದ ವೈದ್ಯಕೀಯ ಕಾಲೇಜು. ದಪ್ಪ ಪುಸ್ತಕ ಬೇಕಾದ, ಜೇಬು ತೆಳುವಾದ ವಿದ್ಯಾರ್ಥಿಗಳು ಎರಡು ತುದಿಯಿಂದಲೂ ಈ ಬೀದಿಗೆ ಇಳಿಯುತ್ತಿದ್ದರು. ಕಾಗದ ಮತ್ತು ಲೆಕ್ಕದ ಪುಸ್ತಕಗಳ ವ್ಯಾಪಾರ ಮೊದಲೇ ಇತ್ತು. ಅದರ ನೆರಳಲ್ಲಿ, ಅಂಗಡಿಗಳ ಮುಂದಿನ ಪಾದಚಾರಿ ದಾರಿಯ ಮೇಲೆ, ಹಳೆಯ ಪುಸ್ತಕದವರು ರಾಶಿ ಹಾಕಿಕೊಂಡರು.

ಆ ವ್ಯಾಪಾರದ ಒಳಗುಟ್ಟು ಮರುಖರೀದಿ. ವರ್ಷದ ಆರಂಭದಲ್ಲಿ ಕೊಂಡ ಅಂಗರಚನೆಯ ಪುಸ್ತಕವನ್ನು ಪರೀಕ್ಷೆ ಮುಗಿದ ಮೇಲೆ ಅದೇ ಅಂಗಡಿಗೆ ಕೊಟ್ಟರೆ ಒಂದು ಪಾಲು ಹಣ ವಾಪಸು ಬರುತ್ತದೆ. ಹೀಗಾಗಿ ಒಂದೇ ಪುಸ್ತಕ ನಾಲ್ಕೈದು ವಿದ್ಯಾರ್ಥಿಗಳ ಕೈದಾಟಿ, ಅಂಚಿನಲ್ಲಿ ನಾಲ್ಕೈದು ಕೈಬರಹಗಳನ್ನು ಹೊತ್ತು ತಿರುಗುತ್ತದೆ. ಮಾರುವವರು ಬೆಲೆ ಹೇಳುವ ಮುಂಚೆ ಪುಸ್ತಕದ ಎರಡನೆಯ ಪುಟವನ್ನು ತೆರೆಯುತ್ತಾರೆ, ಎಷ್ಟನೆಯ ಮುದ್ರಣ ಎಂದು ನೋಡಲು. ಪಠ್ಯ ಬದಲಾಗಿದ್ದರೆ ಅದು ಅವರ ಪಾಲಿಗೆ ತೂಕದ ಕಾಗದ. ನಾನೂ ಒಮ್ಮೆ ಅಂಥ ರಾಶಿಯ ಅಡಿಯಿಂದ ಹೊಲಿಗೆ ಬಿಟ್ಟ ಕನ್ನಡ ನಿಘಂಟೊಂದನ್ನು ಎಳೆದು ತೆಗೆದೆ. ಅದು ಪಠ್ಯವಲ್ಲವಾದ್ದರಿಂದ ಅಂಗಡಿಯವರು ಬೆಲೆಯನ್ನು ನನಗೇ ಹೇಳಲು ಬಿಟ್ಟರು. ನನ್ನ ವ್ಯಾಪಾರಬುದ್ಧಿಯ ಪರೀಕ್ಷೆ ಅದು, ಪಾಸಾದೆನೆಂದು ಹೇಳಲಾರೆ. ಪಠ್ಯಗಳೆಲ್ಲ ಫೋನಿನೊಳಗೆ ಸೇರುತ್ತಿರುವ ಈ ಕಾಲದಲ್ಲಿ ಹಲವು ರಾಶಿಗಳ ಜಾಗದಲ್ಲಿ ಫೋನಿನ ಕವಚಗಳು ತೂಗುತ್ತಿವೆ. ದೊಡ್ಡಬೀದಿಯವನು ಕಾಲ ನೋಡಿ ಸರಕು ಬದಲಿಸುತ್ತಾನೆಂದು ಮೇಲೆ ಹೇಳಿದೆನಲ್ಲ, ಅದೇ ಇಲ್ಲಿ ನಡೆಯುತ್ತಿದೆ. ಈ ಬದಲಾವಣೆಯನ್ನು ಮಾತ್ರ ನಾನು ಸಮಾಧಾನದಿಂದ ಬರೆಯಲಾರೆ.

ಪ್ರಶ್ನೆ (ಬೆಂಗಳೂರು, ಬಸವನಗುಡಿ): ಇಷ್ಟು ಕಿರಿದಾದ ರಸ್ತೆಯನ್ನು ಅಗಲ ಮಾಡದೆ ಇಟ್ಟುಕೊಂಡಿರುವುದು ಮೂರ್ಖತನವಲ್ಲವೇ? ಒಂದು ಕಿಲೋಮೀಟರಿಗೆ ಅರ್ಧ ಗಂಟೆ ಬೇಕಾಯಿತು.

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಮದ್ದು ಸರಿಯಿಲ್ಲ. ಹೇರು ಎತ್ತು ಮತ್ತು ಗಾಡಿಗಳ ಅಳತೆಗೆ ಹಾಕಿದ ಬೀದಿ ಇದು. ಅಗಲೀಕರಣದ ಪ್ರಸ್ತಾಪ ಹಿಂದೆ ಬಂದಾಗ ವರ್ತಕರು ಬಲವಾಗಿ ವಿರೋಧಿಸಿದರು. ಅವರ ವಿರೋಧದಲ್ಲಿ ಸ್ವಾರ್ಥವಿತ್ತು ಎನ್ನುವವರಿಗೆ ನನ್ನ ಉತ್ತರ, ಖಂಡಿತ ಇತ್ತು, ಆದರೆ ಅದರಲ್ಲಿ ಲೆಕ್ಕವೂ ಇತ್ತು. ಮುಂಭಾಗ ಎರಡಾಳಗಲವಿರುವ ಅಂಗಡಿಯ ಮುಂದಿನ ಹದಿನೈದು ಅಡಿಯನ್ನು ಕತ್ತರಿಸಿದರೆ ವ್ಯಾಪಾರದ ಜಾಗ ಹೋಗಿ ಉಗ್ರಾಣದ ಜಾಗ ಉಳಿಯುತ್ತದೆ. ಎರಡೂ ಸಾಲನ್ನು ಕೆಡವಿ ಅಗಲ ಮಾಡಿದ ಮೇಲೆ ಅಲ್ಲಿ ವೇಗವಾಗಿ ಸಾಗುವ ರಸ್ತೆ ಇರುತ್ತದೆ, ತಲುಪಬೇಕಾದ ಪೇಟೆ ಇರುವುದಿಲ್ಲ.

ಪ್ಲೇಗಿನ ಕಾಲ ಇದಕ್ಕೊಂದು ಪಾಠ. 1898ರಲ್ಲಿ ರೋಗ ಪೇಟೆಯ ಇಕ್ಕಟ್ಟಿನೊಳಗೆ ಹೊಕ್ಕಾಗ ಜನ ಮನೆ ಬಿಟ್ಟು ಓಡಿದರು. ಗಾಳಿ ಬೆಳಕಿಲ್ಲದ ಮನೆಗಳು, ಮಾಡಿನ ಇಲಿಗಳು, ತೆರೆದ ಚರಂಡಿಗಳು, ಇಕ್ಕಟ್ಟು ಆಗ ನಿಜವಾಗಿಯೂ ಜೀವ ತೆಗೆಯಿತು. ಅದಕ್ಕೆ ಊರು ಕಂಡುಕೊಂಡ ಪರಿಹಾರ ಪೇಟೆಯನ್ನು ಕೆಡವುವುದಲ್ಲ, ವಾಸವನ್ನು ಹೊರಗೆ ಒಯ್ಯುವುದು. ನಿಮ್ಮ ಬಸವನಗುಡಿ ಮತ್ತು ಅದರ ಜೊತೆ ಮಲ್ಲೇಶ್ವರ ಬೆಳೆದದ್ದು ಹಾಗೆ: ಮನೆ ಬಡಾವಣೆಗೆ, ಅಂಗಡಿ ಪೇಟೆಯಲ್ಲೇ. ಇಂದು ಬೇಕಾಗಿರುವುದೂ ಅದೇ ಬಗೆಯ ವಿಂಗಡಣೆ. ಸಗಟು ಸರಕಿನ ಏರಿಳಿಕೆಯನ್ನು ಬೆಳಗಿನ ಜಾವಕ್ಕೂ ರಾತ್ರಿಗೂ ಕಟ್ಟುನಿಟ್ಟಾಗಿ ಸೀಮಿತಗೊಳಿಸಿ, ಹಗಲಲ್ಲಿ ಬೀದಿಯನ್ನು ನಡೆಯುವವರಿಗೂ ಕೈಗಾಡಿಗಳಿಗೂ ಬಿಡಬೇಕೆಂಬುದು ನನ್ನ ಅಭಿಪ್ರಾಯ. 2017ರಿಂದ ಚಿಕ್ಕಪೇಟೆಯಲ್ಲೂ ಮಾರುಕಟ್ಟೆಯಲ್ಲೂ ನೆಲದಡಿಯ ಮೆಟ್ರೊ ನಿಲ್ದಾಣಗಳಿವೆ, ಬೀದಿಯ ಎರಡು ಕಡೆಯಿಂದಲೂ ನಡೆದು ಬರಬಹುದು. ಜೋತುಬಿದ್ದ ತಂತಿಗಳನ್ನು ನೆಲದೊಳಗೆ ಹಾಕುವುದು, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರುವಂತೆ ಮಾಡುವುದು ಅಗಲೀಕರಣಕ್ಕಿಂತ ತುರ್ತಿನ ಕೆಲಸಗಳು. ಮುಂದಿನ ಸಲ ಕಾರನ್ನು ಮನೆಯಲ್ಲೇ ಬಿಟ್ಟು ಹೋಗಿ. ಬಸವನಗುಡಿಯವರಿಗೆ ಪೇಟೆ ದೂರವಲ್ಲ.

ಪ್ರಶ್ನೆ (ದುಬೈ): ನನ್ನ ಮುತ್ತಾತನಿಗೆ ದೊಡ್ಡಪೇಟೆಯಲ್ಲಿ ಅಂಗಡಿಯಿತ್ತಂತೆ. ನಮ್ಮ ಬಳಿ ಉಳಿದಿರುವುದು ‘ದೊಡ್ಡಪೇಟೆ, ಬೆಂಗಳೂರು ಸಿಟಿ’ ಎಂದು ಅಚ್ಚಾದ ಒಂದು ರಸೀದಿ ಮತ್ತು ಹಳೆಯ ಕ್ರಯಪತ್ರದ ನಕಲು. ಊರಿಗೆ ಬಂದಾಗ ಆ ಜಾಗವನ್ನು ಪತ್ತೆ ಮಾಡಬಹುದೇ?

ಉತ್ತರ: ರಸೀದಿಯಲ್ಲಿ ಅಂಗಡಿಯ ಸಂಖ್ಯೆಯಿದ್ದರೂ ಅದನ್ನು ನೆಚ್ಚಿಕೊಳ್ಳಬೇಡಿ, ಪೇಟೆಯಲ್ಲಿ ಸಂಖ್ಯೆಗಳು ಒಂದಕ್ಕಿಂತ ಹೆಚ್ಚು ಸಲ ಬದಲಾಗಿವೆ. ನಿಮ್ಮ ಕೈಯಲ್ಲಿರುವ ಒಳ್ಳೆಯ ಆಧಾರ ಕ್ರಯಪತ್ರ. ಅದರ ಕೊನೆಯ ಭಾಗದಲ್ಲಿ ಷೆಡ್ಯೂಲು ಎಂದು ಬರೆದು, ಕೆಳಗೆ ಚಕ್ಕುಬಂದಿಯನ್ನು ಕೊಟ್ಟಿರುತ್ತಾರೆ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರ ದಕ್ಷಿಣಕ್ಕೆ ಯಾರ ಸ್ವತ್ತು ಎಂಬ ನಾಲ್ಕು ಸಾಲು ಅಲ್ಲಿರುತ್ತದೆ. ಪೂರ್ವಕ್ಕೆ ದೊಡ್ಡಪೇಟೆ ರಸ್ತೆ ಎಂದಿದ್ದರೆ ಅಂಗಡಿ ಬೀದಿಯ ಪಶ್ಚಿಮದ ಸಾಲಿನಲ್ಲಿತ್ತೆಂದು ಅರ್ಥ, ಅಲ್ಲಿಗೆ ಅರ್ಧ ಬೀದಿ ಹುಡುಕುವ ಕೆಲಸ ತಪ್ಪಿತು. ಹಿಂಭಾಗಕ್ಕೆ ಗಲ್ಲಿಯ ಹೆಸರಿದ್ದರೆ ಇನ್ನೂ ಸುಲಭ, ಆ ಗಲ್ಲಿ ಇವತ್ತೂ ಅಲ್ಲಿಯೇ ಇರುವ ಸಂಭವವೇ ಹೆಚ್ಚು. ಉತ್ತರ ದಕ್ಷಿಣದ ನೆರೆಯವರ ಹೆಸರು ಗುಡಿಯದೋ ಛತ್ರದ್ದೋ ಮಠದ್ದೋ ಆಗಿದ್ದರೆ ಹುಡುಕಾಟ ಬಹುಮಟ್ಟಿಗೆ ಮುಗಿದಂತೆಯೇ, ಏಕೆಂದರೆ ಅಂಥ ಸ್ವತ್ತುಗಳು ಬೇಗ ಕೈಬದಲಾಗುವುದಿಲ್ಲ. ಅಳತೆಯನ್ನೂ ನೋಡಿ. ಪೂರ್ವ ಪಶ್ಚಿಮ ಉದ್ದವಾಗಿ, ಉತ್ತರ ದಕ್ಷಿಣ ಹತ್ತು ಹನ್ನೆರಡು ಅಡಿಯಾಗಿ ಇದ್ದರೆ ಮೇಲೆ ಹೇಳಿದ ಓಣಿಯಂಥ ಅಂಗಡಿಯೇ ಅದು. ಉಪನೋಂದಣಿ ಕಚೇರಿಯಲ್ಲಿ ದಸ್ತಾವೇಜಿನ ಸಂಖ್ಯೆ ಮತ್ತು ವರ್ಷ ಕೊಟ್ಟು ದೃಢೀಕೃತ ನಕಲು ಕೇಳಿದರೆ ನಿಮ್ಮ ನಕಲಿನಲ್ಲಿ ಮಸುಕಾದ ಸಾಲುಗಳೂ ಸಿಗಬಹುದು.

ಇಷ್ಟೆಲ್ಲ ಕೈಯಲ್ಲಿ ಹಿಡಿದು ಬೆಳಿಗ್ಗೆ ಹತ್ತರೊಳಗೆ ಹೋಗಿ. ಅಂಗಡಿಗಳವರು ಬಾಗಿಲು ತೆರೆದು, ನೀರು ಚಿಮುಕಿಸಿ, ಊದುಬತ್ತಿ ಹಚ್ಚುವ ಹೊತ್ತು ಅದು. ಬೋಣಿಯಾಗುವ ಮೊದಲು ಬೇರೆ ವಿಚಾರ ಕೇಳಿದರೆ ಮುಖ ಗಂಟಿಕ್ಕುವವರುಂಟು, ಆದ್ದರಿಂದ ಒಂದು ಲೆಕ್ಕದ ಪುಸ್ತಕವನ್ನೋ ಪೆನ್ನನ್ನೋ ಕೊಂಡು ಆಮೇಲೆ ಚಕ್ಕುಬಂದಿಯನ್ನು ಮುಂದಿಡಿ. ವಯಸ್ಸಾದ ಯಾರಾದರೊಬ್ಬರು ಕನ್ನಡಕ ಏರಿಸಿಕೊಂಡು ಓದಿ, ಬೀದಿಯ ಕಡೆ ಕೈ ತೋರಿಸುತ್ತಾರೆ.